ಓದುಗ ಬರಿಗೈಯಲ್ಲಿ ಹಿಂತಿರುಗುವುದೇಕೆ?

ನಮ್ಮ ಕಡೆಯ ಗ್ರಂಥಾಲಯಗಳ ವಾರ್ಷಿಕ ಮಹಾಸಭೆಯಲ್ಲಿ ಕಾರ್ಯದರ್ಶಿಯವರು ಓದುವ ವರದಿಗೆ ಒಂದು ನಿಶ್ಚಿತ ರೂಪವುಂಟು. ಒಟ್ಟು ಗ್ರಂಥಗಳು ಇಷ್ಟು, ಈ ವರ್ಷ ಸೇರಿದವು ಇಷ್ಟು, ಸದಸ್ಯರು ಇಷ್ಟು, ಸದಸ್ಯರು ಮನೆಗೆ ಕೊಂಡುಹೋದ ಪುಸ್ತಕಗಳು ಇಷ್ಟು. ಕೊನೆಯ ಅಂಕಿ ಹಿಂದಿನ ವರ್ಷಕ್ಕಿಂತ ಇಳಿದಿದ್ದರೆ ಸಭೆಯಲ್ಲಿ ಯಾರಾದರೊಬ್ಬರು ಎದ್ದುನಿಂತು ಮೊಬೈಲನ್ನು ದೂರುತ್ತಾರೆ. ಮೊದಲು ಟೆಲಿವಿಷನ್ನನ್ನು ದೂರುತ್ತಿದ್ದರು, ಅದಕ್ಕೂ ಮೊದಲು ಸಿನಿಮಾವನ್ನು. ಅಷ್ಟರಲ್ಲಿ ಚಹಾ ಬರುತ್ತದೆ, ವಂದನಾರ್ಪಣೆಯಾಗುತ್ತದೆ.

ದೂರಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಪುಸ್ತಕ ಕೊಂಡುಹೋದವರ ಲೆಕ್ಕ ಮಾತ್ರ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಒಳಗೆ ಬಂದು ಹತ್ತು ನಿಮಿಷ ಕಪಾಟಿನ ಎದುರು ನಿಂತು, ಬೇಕಾದುದು ಸಿಗದೆ ಬರಿಗೈಯಲ್ಲಿ ಹೋದವನ ಲೆಕ್ಕ ಯಾವ ಪುಟದಲ್ಲಿದೆ? ಮೆಟ್ಟಿಲಿನ ತನಕ ಬಂದು, ಒಳಗೆ ಪತ್ರಿಕೆ ಓದುತ್ತ ಕುಳಿತ ಗಂಡಸರ ಸಾಲನ್ನು ಕಂಡು ಹಿಂದೆ ಸರಿದ ಹೆಣ್ಣುಮಗಳ ಲೆಕ್ಕ? ಶಾಲೆ ಬಿಟ್ಟು ಬರುವ ಹೊತ್ತಿಗೆ ಬಾಗಿಲಿಗೆ ಬೀಗ ಕಂಡ ಹುಡುಗನ ಲೆಕ್ಕ?

ಹೀಗೆ ಲೆಕ್ಕಕ್ಕೆ ಸಿಗದವರನ್ನು ಲೆಕ್ಕಕ್ಕೆ ತರುವ ಒಂದು ಶಾಸ್ತ್ರವೇ ಕಳೆದ ಕೆಲವು ದಶಕಗಳಲ್ಲಿ ಬೆಳೆದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಯೂಸರ್ ಎಕ್ಸ್‌ಪೀರಿಯೆನ್ಸ್ ರಿಸರ್ಚ್ ಎಂದು ದೊಡ್ಡ ಹೆಸರಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಂದು ಜಾಗವನ್ನು ಬಳಸುವವನಿಗೆ ಅಲ್ಲಿ ನಿಜವಾಗಿ ಏನಾಗುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡಿ, ಕೇಳಿ, ಬರೆದುಕೊಂಡು, ಆಮೇಲೆ ಆ ಜಾಗವನ್ನು ತಿದ್ದುವುದು. ಅಂಗಡಿಯವರು, ಯಂತ್ರ ತಯಾರಿಸುವವರು ಮೊದಲು ಇದನ್ನು ಕಲಿತರು. ಗ್ರಂಥಾಲಯದವರು ತುಸು ನಿಧಾನವಾಗಿ ಕಲಿತರು.

ಮಂಗಳೂರಿನಲ್ಲಿ ಗಣಿತ ಕಲಿಸಿದ ಮೇಷ್ಟ್ರು

ನಿಧಾನವೆಂದು ಹೇಳಿದರೂ, ಇದರ ಬೀಜ ಬಿತ್ತಿದವರು ನಮಗೆ ತೀರ ದೂರದವರೇನಲ್ಲ. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತ ಕಲಿಸಲು ಬಂದ ಶಿಯಾಳಿ ರಾಮಾಮೃತ ರಂಗನಾಥನ್ ಎಂಬ ತರುಣ ಉಪಾಧ್ಯಾಯರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಆಗ ನಮ್ಮ ಕಾಸರಗೋಡು ತಾಲೂಕೂ ದಕ್ಷಿಣ ಕನ್ನಡ ಜಿಲ್ಲೆಗೆ, ಅರ್ಥಾತ್ ಮದರಾಸು ಪ್ರಾಂತಕ್ಕೆ ಸೇರಿದ್ದು. ಓದುಗರು ಅಪರೂಪವಾಗಿದ್ದ ಆ ಗ್ರಂಥಾಲಯದಲ್ಲಿ ಒಂದೆರಡು ವಾರಗಳಲ್ಲೇ ರಂಗನಾಥನ್ನರಿಗೆ ಬೇಸರ ಬಂತು. ಮರಳಿ ಗಣಿತ ಪಾಠಕ್ಕೆ ಕಳುಹಿಸಿಕೊಡಿ ಎಂದು ಕೇಳಿಕೊಂಡರಂತೆ. ಮೊದಲು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬನ್ನಿ, ಆಮೇಲೂ ಬೇಸರವಿದ್ದರೆ ನೋಡೋಣ ಎಂಬ ಉತ್ತರ ಬಂತು. ಹೋದರು. ನೂರಕ್ಕೂ ಮಿಕ್ಕಿ ಗ್ರಂಥಾಲಯಗಳನ್ನು ನೋಡಿದರು. 1925ರಲ್ಲಿ ಮರಳಿದ ಮೇಲೆ ಗಣಿತದ ಮಾತೆತ್ತಲಿಲ್ಲ.

1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳು ಜಗತ್ತಿಗೇ ಗೊತ್ತು. ಪುಸ್ತಕಗಳು ಉಪಯೋಗಕ್ಕಾಗಿ ಇರುವವು ಎಂಬುದು ಮೊದಲನೆಯದು. ಓದುಗನ ಸಮಯವನ್ನು ಉಳಿಸು ಎಂಬುದು ನಾಲ್ಕನೆಯದು. ಮೊದಲ ಸೂತ್ರವನ್ನು ವಿವರಿಸುವಾಗ ಅವರು ಎತ್ತಿಕೊಂಡ ವಿಷಯಗಳನ್ನು ಗಮನಿಸಬೇಕು: ಗ್ರಂಥಾಲಯ ಊರಿನ ಯಾವ ಭಾಗದಲ್ಲಿರಬೇಕು, ಯಾವ ಹೊತ್ತಿಗೆ ತೆರೆದಿರಬೇಕು, ಮೇಜು ಕುರ್ಚಿಗಳು ಹೇಗಿರಬೇಕು, ಒಳಗಿನ ಸಿಬ್ಬಂದಿ ಹೇಗಿರಬೇಕು. ಪುಸ್ತಕದ ಗುಣದೋಷಕ್ಕಿಂತ ಮೊದಲು ಓದುಗ ನಡೆದು ಬರುವ ದಾರಿ, ಕುಳಿತುಕೊಳ್ಳುವ ಆಸನ! ಬಹಳ ಮಂದಿ ಈ ಐದು ಸೂತ್ರಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಕುರ್ಚಿಗಳನ್ನು ಮಾತ್ರ ಅಲುಗಾಡಿಸಲಿಲ್ಲ.

ಕುರ್ಚಿಯ ಮಾತು ಬಂತು. ರಾಬರ್ಟ್ ಸೊಮ್ಮರ್ ಎಂಬ ಅಮೇರಿಕದ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಕಾಲೇಜು ಗ್ರಂಥಾಲಯಗಳಲ್ಲಿ ಓದುಗರು ಎಲ್ಲಿ ಕುಳಿತುಕೊಳ್ಳುತ್ತಾರೆಂದು ಬಹಳ ಕಾಲ ಗಮನಿಸಿ 1969ರಲ್ಲಿ ಪುಸ್ತಕ ಬರೆದರು. ಆರು ಕುರ್ಚಿಗಳ ಉದ್ದ ಮೇಜು. ಒಬ್ಬನೇ ಓದಬಯಸುವವನು ತುದಿಯ ಕುರ್ಚಿಯನ್ನು ಹಿಡಿಯುತ್ತಾನೆ. ಮೇಜಿಗೆ ಬೇರಾರೂ ಬಾರದಿರಲಿ ಎಂದು ಬಯಸುವವನು ನಡುವಿನ ಕುರ್ಚಿಯಲ್ಲಿ ಕುಳಿತು ಪುಸ್ತಕ, ಚೀಲ ಹರಡುತ್ತಾನೆ. ನಮ್ಮ ವಾಚನಾಲಯಗಳ ಪತ್ರಿಕೆಯ ಮೇಜಿನಲ್ಲಿಯೂ ಇದೇ ನಾಟಕ ದಿನಾ ನಡೆಯುತ್ತದೆ, ನೋಡುವವರಿದ್ದರೆ. ಆರು ಕುರ್ಚಿಯ ಮೇಜಿಗೆ ಆರು ಜನ ಕುಳಿತುಕೊಳ್ಳುತ್ತಾರೆಂಬುದು ಬಡಗಿಯ ಲೆಕ್ಕ. ಮೂವರು ಕುಳಿತರೆ ನಾಲ್ಕನೆಯವನ ಕಣ್ಣಿಗೆ ಅದು ತುಂಬಿದ ಮೇಜು.

ಕೆನಡಾದ ಇಬ್ಬರು ಸಂಶೋಧಕಿಯರು, ಲೀಸಾ ಗಿವನ್ ಮತ್ತು ಗ್ಲೋರಿಯಾ ಲೆಕ್ಕಿ, ಟೊರಾಂಟೊ ಹಾಗೂ ವಾಂಕೂವರ್ ನಗರಗಳ ದೊಡ್ಡ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇನ್ನೂ ಸರಳವಾದ ಒಂದು ಕ್ರಮ ಅನುಸರಿಸಿದರು. ಗೊತ್ತುಮಾಡಿದ ಹೊತ್ತುಗಳಲ್ಲಿ ಇಡೀ ಕಟ್ಟಡವನ್ನು ಒಂದು ಸುತ್ತು ಬರುವುದು, ಯಾವ ಮೂಲೆಯಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕಿಕೊಳ್ಳುವುದು. ಕಸಬರಿಕೆಯಿಂದ ಗುಡಿಸಿದಂತೆ ಎಂಬ ಅರ್ಥದ ಹೆಸರನ್ನೇ ತಮ್ಮ ಲೇಖನಕ್ಕೆ 2003ರಲ್ಲಿ ಕೊಟ್ಟರು. ಪೆನ್ಸಿಲು, ಕಾಗದ, ಕಾಲು ಇವಿಷ್ಟೇ ಉಪಕರಣ.

ಮಾನವಶಾಸ್ತ್ರಜ್ಞೆ ಬಂದದ್ದು

ಆದರೆ ಓದುಗನ ಅನುಭವವನ್ನು ಅರಿಯುವ ಕೆಲಸಕ್ಕೆ ಒಂದು ಖ್ಯಾತಿ ಬಂದದ್ದು ಅಮೇರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ವಿಶ್ವವಿದ್ಯಾಲಯದಿಂದ. ಅಲ್ಲಿನ ಗ್ರಂಥಾಲಯದವರು ಈ ಶತಮಾನದ ಆರಂಭದ ವರ್ಷಗಳಲ್ಲಿ ಒಬ್ಬ ಮಾನವಶಾಸ್ತ್ರಜ್ಞೆಯನ್ನು ನೇಮಿಸಿಕೊಂಡರು. ಹೆಸರು ನ್ಯಾನ್ಸಿ ಫ್ರೀಡ್ ಫಾಸ್ಟರ್. ಮಾನವಶಾಸ್ತ್ರಜ್ಞರೆಂದರೆ ಕಾಡಿನಲ್ಲಿ, ದ್ವೀಪಗಳಲ್ಲಿ ಬುಡಕಟ್ಟುಗಳ ನಡುವೆ ಬದುಕಿ ಅವರ ರೀತಿನೀತಿ ಬರೆಯುವವರು ಎಂದು ತಾನೇ ನಮ್ಮ ತಿಳಿವಳಿಕೆ? ಈಕೆ ಕಾಲೇಜು ವಿದ್ಯಾರ್ಥಿಗಳನ್ನು ಆ ಕಣ್ಣಿನಿಂದ ನೋಡತೊಡಗಿದರು. ಗ್ರಂಥಾಲಯದ ನೌಕರರಿಗೂ ಹಾಗೆ ನೋಡುವುದನ್ನು ಕಲಿಸಿದರು. ಅವರೂ ಸೂಸನ್ ಗಿಬ್ಬನ್ಸ್ ಎಂಬ ಗ್ರಂಥಪಾಲಕಿಯೂ ಸೇರಿ ಸಂಪಾದಿಸಿದ ವರದಿ 2007ರಲ್ಲಿ ಅಚ್ಚಾಯಿತು.

ಅವರು ಪ್ರಶ್ನಾವಳಿ ಹಂಚಿ ಕೈತೊಳೆದುಕೊಳ್ಳಲಿಲ್ಲ. ಪ್ರಶ್ನಾವಳಿಗೆ ಒಂದು ದೋಷವುಂಟು; ಕೇಳುವವನಿಗೆ ತೋಚಿದ್ದಷ್ಟೇ ಅದರಲ್ಲಿರುತ್ತದೆ. ಉತ್ತರಿಸುವವನೂ ಮರ್ಯಾದೆಗೆ ಎಲ್ಲ ಚೆನ್ನಾಗಿದೆ ಎಂದು ಬರೆದು ಹೋಗುತ್ತಾನೆ. ಬದಲಿಗೆ ಇವರು ವಿದ್ಯಾರ್ಥಿಗಳಿಗೆ ಒಂದೊಂದು ಕ್ಯಾಮರಾ ಕೊಟ್ಟು ತೆಗೆಯಬೇಕಾದ ಚಿತ್ರಗಳ ಪಟ್ಟಿ ಕೊಟ್ಟರು. ನೀವು ಯಾವಾಗಲೂ ಜೊತೆಗೆ ಹೊತ್ತುಕೊಂಡು ಹೋಗುವ ವಸ್ತುಗಳು, ನಿಮಗೆ ಓದಲು ಮೆಚ್ಚಿನ ಜಾಗ, ಗ್ರಂಥಾಲಯದಲ್ಲಿ ನಿಮಗೆ ದಾರಿ ತಪ್ಪಿದಂತಾಗುವ ಜಾಗ, ಹೀಗೆ. ಆ ಕೊನೆಯದನ್ನು ಯಾವ ಗ್ರಂಥಪಾಲ ತಾನಾಗಿ ಕೇಳಿಯಾನು? ಇಪ್ಪತ್ತು ವರ್ಷ ಅದೇ ಕಪಾಟುಗಳ ನಡುವೆ ಓಡಾಡಿದವನಿಗೆ ಅಲ್ಲಿ ದಾರಿ ತಪ್ಪಲು ಸಾಧ್ಯವೆಂಬುದೇ ಹೊಳೆಯುವುದಿಲ್ಲ.

ಇನ್ನು ಕೆಲವು ವಿದ್ಯಾರ್ಥಿಗಳಿಗೆ ಕಾಲೇಜಿನ ನಕ್ಷೆ ಕೊಟ್ಟು, ಬೆಳಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಎಲ್ಲೆಲ್ಲಿಗೆ ಹೋದಿರಿ, ಎಷ್ಟು ಹೊತ್ತಿಗೆ ಹೋದಿರಿ ಎಂದು ಗುರುತು ಹಾಕಲು ಹೇಳಿದರು. ಮತ್ತೆ ಕೆಲವರನ್ನು ಕುಳ್ಳಿರಿಸಿ, ಹಿಂದೆ ಬರೆದ ಒಂದು ಪ್ರಬಂಧದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ದೊಡ್ಡ ಹಾಳೆಯಲ್ಲಿ ಚಿತ್ರ ಬರೆಯುತ್ತ ಹೇಳಿಸಿದರು. ರಾತ್ರಿಯ ಹೊತ್ತು ವಿದ್ಯಾರ್ಥಿನಿಲಯಗಳಿಗೂ ಹೋಗಿ ನೋಡಿದರು.

ಕಂಡದ್ದೇನು? ಗ್ರಂಥಪಾಲರು ಕೆಲಸ ಮುಗಿಸಿ ಮನೆಗೆ ಹೋಗುವ ಹೊತ್ತಿಗೆ ವಿದ್ಯಾರ್ಥಿಗಳ ಓದು ಶುರುವಾಗುತ್ತಿತ್ತು. ಸಹಾಯ ಮಾಡುವವರು ಹಗಲಿನಲ್ಲಿ, ಸಹಾಯ ಬೇಕಾದವರು ರಾತ್ರಿಯಲ್ಲಿ! ಬಹುಪಾಲು ವಿದ್ಯಾರ್ಥಿಗಳ ಹತ್ತಿರ ಲ್ಯಾಪ್‌ಟಾಪ್ ಇತ್ತು, ಆದ್ದರಿಂದ ಗ್ರಂಥಾಲಯದಲ್ಲಿ ಕಂಪ್ಯೂಟರು ಇನ್ನು ಬೇಕಾಗದು ಎಂದೇ ಯಾರೂ ಊಹಿಸಿಯಾರು. ಆದರೆ ಭಾರವೆಂದು, ಕಳವಾದೀತೆಂದು ಅದನ್ನು ಕೋಣೆಯಲ್ಲೇ ಬಿಟ್ಟು ಬರುವವರೇ ಹೆಚ್ಚು ಎಂಬುದು ಗೊತ್ತಾಯಿತು. ಇನ್ನೊಂದು ಸಂಗತಿ ಕೇಳಿದರೆ ನಮ್ಮ ತಾಯಂದಿರಿಗೆ ಸಂತೋಷವಾದೀತು. ಪ್ರಬಂಧ ಬರೆಯುವಾಗ ಕಷ್ಟ ಬಂದರೆ ಹಲವು ವಿದ್ಯಾರ್ಥಿಗಳು ಫೋನ್ ಮಾಡುತ್ತಿದ್ದದ್ದು ಮನೆಗೆ, ಅಪ್ಪ ಅಮ್ಮನಿಗೆ. ಇದನ್ನು ತಿಳಿದ ಗ್ರಂಥಾಲಯದವರು ಹೊಸ ವಿದ್ಯಾರ್ಥಿಗಳನ್ನು ಸೇರಿಸಲು ಬಂದ ಹೆತ್ತವರನ್ನೇ ಬೆಳಗಿನ ಉಪಾಹಾರಕ್ಕೆ ಕರೆದು, ನಿಮ್ಮ ಮಕ್ಕಳು ಕೇಳಿದಾಗ ಗ್ರಂಥಪಾಲರ ಹತ್ತಿರ ಹೋಗು ಎಂದು ಹೇಳಿ ಎಂದರು. ರಾತ್ರಿಯ ಹೊತ್ತಿನಲ್ಲಿ ಗ್ರಂಥಪಾಲರನ್ನು ಕೂರಿಸುವ ಪ್ರಯೋಗವನ್ನೂ ಮಾಡಿ ನೋಡಿದರು.

ಹೊಸ ಓದುಕೋಣೆಯೊಂದನ್ನು ಕಟ್ಟುವ ಸಂದರ್ಭ ಬಂದಾಗ ವಿದ್ಯಾರ್ಥಿಗಳ ಕೈಗೇ ಬಣ್ಣದ ಪೆನ್ನು, ಖಾಲಿ ಹಾಳೆ ಕೊಟ್ಟರು. ಇಲ್ಲೊಂದು ದೊಡ್ಡ ಬರಿದಾದ ಜಾಗವಿದೆ, ನಿಮಗೆ ಬೇಕಾದಂತೆ ಚಿತ್ರಿಸಿ ಎಂದರು. ಹುಡುಗ ಹುಡುಗಿಯರು ಬರೆದ ಚಿತ್ರಗಳಲ್ಲಿ ಅದ್ಭುತ ಯಂತ್ರಗಳೇನೂ ಇರಲಿಲ್ಲ. ಮೆತ್ತನೆಯ ಆಸನ, ಕಾಫಿ, ಒಟ್ಟಿಗೆ ಕುಳಿತು ಮಾತಾಡಬಹುದಾದ ಮೇಜು, ಒಬ್ಬನೇ ಕೂರುವ ಮೂಲೆ, ಕಾಗದಕ್ಕೆ ಪಿನ್ ಹೊಡೆಯುವ ಸ್ಟೇಪ್ಲರು. ಈ ವಿಭಾಗದವರನ್ನು ಕೇಳಿ, ಆ ವಿಭಾಗದವರನ್ನು ಕೇಳಿ ಎಂದು ಅಲೆಸದೆ ಎಲ್ಲದಕ್ಕೂ ಒಂದೇ ಕಡೆ ಉತ್ತರ ಸಿಗಬೇಕೆಂಬುದು ಅವರ ಆಸೆ. ವರದಿಯ ಒಂದು ಅಧ್ಯಾಯದಲ್ಲಿ ಇದಕ್ಕೆ ಅಮ್ಮನ ಮಾದರಿಯ ಸೇವೆ ಎಂದೇ ಹೆಸರಿಟ್ಟರು. 2007ರಲ್ಲಿ ಗ್ಲೀಸನ್ ಗ್ರಂಥಾಲಯವೆಂಬ ಹೆಸರಿನಲ್ಲಿ ತೆರೆದ ಆ ಜಾಗ ಈ ಚಿತ್ರಗಳಿಂದ ಹುಟ್ಟಿದ್ದು.

ಹಣವಿದ್ದವರ ಲೋಕ, ಅವರು ಮಾಡಿದರು, ನಮಗೇನು ಎಂದು ಯಾರಾದರೂ ಕೇಳಬಹುದು. ಕಟ್ಟಡಕ್ಕೆ ಹಣ ಬೇಕಾಯಿತು ನಿಜ. ವಿದ್ಯಾರ್ಥಿಗಳ ಮನಸ್ಸು ತಿಳಿಯಲು ಬೇಕಾದದ್ದು ಹಾಳೆ, ಪೆನ್ನು, ನಕ್ಷೆಗಳು, ಮುಖ್ಯವಾಗಿ ಸುಮ್ಮನಿದ್ದು ಕೇಳಿಸಿಕೊಳ್ಳುವ ಗುಣ.

ಲಂಡನ್ನಿನ ಬಂಗಾಳಿ ಪೇಟೆ

ಇನ್ನೊಂದು ಉದಾಹರಣೆ ನಮಗೆ, ಅಲ್ಪಸಂಖ್ಯಾತ ಭಾಷೆಯವರಿಗೆ, ಹೆಚ್ಚು ಹತ್ತಿರದ್ದು. ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್‌ನಲ್ಲಿ 1892ರಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯ ತೆರೆಯಿತು. ಪೂರ್ವ ಯುರೋಪಿನಿಂದ ಓಡಿಬಂದ ಬಡ ಯಹೂದಿಗಳು ತುಂಬಿದ್ದ ಪೇಟೆ ಅದು. ಗ್ರಂಥಾಲಯದವರು ಅವರ ಯಿಡ್ಡಿಷ್ ಭಾಷೆಯ ಮತ್ತು ಹೀಬ್ರೂವಿನ ಪುಸ್ತಕಗಳನ್ನು ತರಿಸಿಟ್ಟರು. ಹೊಲಿಗೆ ಕೆಲಸದವರ ಮಕ್ಕಳು ಸಂಜೆ ಅಲ್ಲಿ ಬಂದು ಓದುತ್ತಿದ್ದರು. ಮನೆಯಲ್ಲಿ ಬೆಳಕಿಗೂ ಜಾಗಕ್ಕೂ ಬರ. ಕವಿ ಐಸಾಕ್ ರೋಸೆನ್‌ಬರ್ಗ್ ಅಲ್ಲಿ ಓದಿ ಬೆಳೆದವನು. ಬಡವರ ಕೇರಿಯ ವಿಶ್ವವಿದ್ಯಾಲಯವೆಂದೇ ಅದಕ್ಕೆ ಹೆಸರಾಯಿತು. ಯಹೂದಿಗಳು ಬೇರೆಡೆಗೆ ಹೋದರು, ಆ ಜಾಗಕ್ಕೆ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು ಬಂದರು, ಕಪಾಟಿಗೆ ಬಂಗಾಳಿ ಪುಸ್ತಕಗಳು ಬಂದವು.

ಆದರೆ ಶತಮಾನದ ಕೊನೆಯ ಹೊತ್ತಿಗೆ ಆ ವಿಭಾಗದ, ಅಂದರೆ ಟವರ್ ಹ್ಯಾಮ್ಲೆಟ್ಸ್‌ನ, ಗ್ರಂಥಾಲಯಗಳಿಗೆ ಬರುವವರು ತೀರ ಕಡಿಮೆಯಾದರು. ಕೌನ್ಸಿಲಿನವರು ಬಾಗಿಲು ಮುಚ್ಚುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದರು. ಗ್ರಂಥಾಲಯಕ್ಕೆ ಬರುವವರನ್ನು ಮಾತ್ರವಲ್ಲ, ಬಾರದವರನ್ನೂ ಹುಡುಕಿಕೊಂಡು ಹೋಗಿ ಕೇಳಿದರು. ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಗ್ರಂಥಾಲಯ ಬೇಡವೆಂದು ಹೇಳಿದವರಿಲ್ಲ, ಬೇಕೇಬೇಕು ಎಂದರು. ಆದರೆ ಸಾಮಾನು ಕೊಳ್ಳಲು ಹೋಗುವ ದಾರಿಯಲ್ಲಿ ಅದಿಲ್ಲ, ನಮಗೆ ಬಿಡುವಾಗುವ ಹೊತ್ತಿಗೆ ತೆರೆದಿರುವುದಿಲ್ಲ, ಭಾನುವಾರ ಮುಚ್ಚಿರುತ್ತದೆ, ಕಟ್ಟಡವನ್ನು ಕಂಡರೆ ಒಳಗೆ ಹೋಗಲು ಧೈರ್ಯವಾಗುವುದಿಲ್ಲ ಎಂದರು.

ಈ ಉತ್ತರಗಳನ್ನು ಹಿಡಿದು 'ಐಡಿಯಾ ಸ್ಟೋರ್' ಎಂಬ ಹೆಸರಿನ ಹೊಸ ಗ್ರಂಥಾಲಯಗಳನ್ನು ಕಟ್ಟಿದರು. ಮೊದಲನೆಯದು 2002ರಲ್ಲಿ ಬೋ ಎಂಬಲ್ಲಿ, ವೈಟ್‌ಚಾಪೆಲ್‌ನದು 2005ರಲ್ಲಿ. ಡೇವಿಡ್ ಅಜಾಯೆ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಆ ಕಟ್ಟಡ ನಿಂತಿರುವುದು ಸಂತೆಯ ಬೀದಿಯ ಮೇಲೆಯೇ. ಕೆಳಗೆ ತರಕಾರಿ, ಬಟ್ಟೆ ಮಾರುವ ಅಂಗಡಿಗಳ ಸಾಲು. ಅವುಗಳ ಪಟ್ಟೆಪಟ್ಟೆಯ ಚಪ್ಪರವನ್ನು ನೆನಪಿಸುವಂತೆ ಗೋಡೆಗೆ ಹಸಿರು ನೀಲಿ ಗಾಜು. ಪುಸ್ತಕದ ಜೊತೆಗೆ ವಯಸ್ಕರಿಗೆ ಪಾಠ, ಕುಳಿತುಕೊಳ್ಳಲು ಜಾಗ. ಜನ ಬಂದರು.

ಎಲ್ಲರೂ ಮೆಚ್ಚಿದರೆಂದು ಹೇಳಲಾರೆ. ಗ್ರಂಥಾಲಯವೆಂಬ ಘನವಾದ ಹೆಸರನ್ನು ಬಿಟ್ಟು ಅಂಗಡಿಯ ಹೆಸರಿಟ್ಟದ್ದು ಹಲವರಿಗೆ ಹಿಡಿಸಲಿಲ್ಲ. ನನಗೂ ಆ ಹೆಸರು ರುಚಿಸುವುದಿಲ್ಲ. ಹಳೆಯ ಗ್ರಂಥಾಲಯ 2005ರಲ್ಲಿ ಮುಚ್ಚಿದಾಗ ಕಣ್ಣೀರಿಟ್ಟವರಿದ್ದಾರೆ. ಆ ಕಟ್ಟಡ ಈಗ ಪಕ್ಕದ ಕಲಾಶಾಲೆಗೆ ಸೇರಿದೆ. ಆದರೆ ಹೊಸದಕ್ಕೆ ಹೋಗುವ ತಾಯಿ ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದೇ ಒಳಗೆ ಹೋಗಬಲ್ಲಳು.

ನಮ್ಮ ಕನ್ನಡ ಕಪಾಟು

ಈಗ ನಮ್ಮೂರಿಗೆ ಬರೋಣ. ಕೇರಳದ ಗ್ರಂಥಾಲಯ ಚಳವಳಿಯ ಮಹತ್ವದ ಬಗ್ಗೆ ಎರಡು ಮಾತಿಲ್ಲ. ಪಿ. ಎನ್. ಪಣಿಕ್ಕರರು 1945ರಲ್ಲಿ ಅಂಬಲಪ್ಪುಳದಲ್ಲಿ ಕಟ್ಟಿದ ಗ್ರಂಥಶಾಲಾ ಸಂಘದಿಂದ ಬೆಳೆದು, 1989ರ ಕಾನೂನಿನಿಂದ ಲೈಬ್ರರಿ ಕೌನ್ಸಿಲಿನ ರೂಪ ತಾಳಿದ ಈ ವ್ಯವಸ್ಥೆಯಲ್ಲಿ ಊರಿನ ಗ್ರಂಥಾಲಯ ಊರವರದೇ. ಸದಸ್ಯರು ಸೇರಿ ಆಡಳಿತ ಸಮಿತಿಯನ್ನು ಆರಿಸುತ್ತಾರೆ. ಎ ಯಿಂದ ಎಫ್ ವರೆಗೆ ದರ್ಜೆ ಉಂಟು, ದರ್ಜೆಗೆ ತಕ್ಕ ಗ್ರಾಂಟು ಉಂಟು. ಕಾಸರಗೋಡು ಜಿಲ್ಲೆಯಲ್ಲಿ, ಅದರಲ್ಲೂ ಉತ್ತರದ ಪಂಚಾಯತುಗಳಲ್ಲಿ, ಕನ್ನಡ ಓದುವ ಮನೆಗಳು ಈ ಗ್ರಂಥಾಲಯಗಳ ಸದಸ್ಯರೂ ಹೌದು.

ಇಲ್ಲಿಯೇ ರಿಜಿಸ್ಟರಿನ ಲೆಕ್ಕ ನಮಗೆ ಮುಳುವಾಗುವುದು. ಕನ್ನಡದ ಕಪಾಟಿನಿಂದ ಪುಸ್ತಕ ಹೋಗುವುದಿಲ್ಲ ಎಂದು ರಿಜಿಸ್ಟರು ಹೇಳುತ್ತದೆ. ಹೋಗದ ಪುಸ್ತಕಗಳನ್ನು ಮತ್ತೆ ಏಕೆ ಕೊಳ್ಳಬೇಕು ಎಂದು ಸಮಿತಿ ಕೇಳುತ್ತದೆ, ಕೇಳಿದ್ದು ತಪ್ಪೆನ್ನುವಂತಿಲ್ಲ. ಮುಂದಿನ ವರ್ಷ ಹೊಸ ಕನ್ನಡ ಪುಸ್ತಕ ಬರುವುದಿಲ್ಲ. ಹಳೆಯವನ್ನೆಲ್ಲ ಓದಿ ಮುಗಿಸಿದವನು ಬರುವುದನ್ನು ನಿಲ್ಲಿಸುತ್ತಾನೆ. ಅದರ ಮುಂದಿನ ವರ್ಷ ಅಂಕಿ ಇನ್ನಷ್ಟು ಇಳಿಯುತ್ತದೆ. ಹೀಗೆ ನಾಲ್ಕೈದು ವರ್ಷ ಕಳೆದರೆ, ಇಲ್ಲಿ ಕನ್ನಡ ಓದುಗರೇ ಇಲ್ಲ ಎಂಬುದಕ್ಕೆ ಅಂಕಿಅಂಶ ಸಮೇತ ಪುರಾವೆ ಸಿದ್ಧ. ಯಾರೂ ದ್ವೇಷದಿಂದ ಮಾಡಿದ್ದಲ್ಲ. ಬರಿಗೈಯಲ್ಲಿ ಹೋದವರನ್ನು ಯಾರೂ ಎಣಿಸಲಿಲ್ಲ, ಅಷ್ಟೆ.

ನಮ್ಮವರದೂ ಒಂದು ತಪ್ಪುಂಟು. ಪುಸ್ತಕ ಸಿಗದಿದ್ದರೆ ಕೇಳುವುದಿಲ್ಲ, ದೂರುವುದಿಲ್ಲ, ಮೆಲ್ಲನೆ ಹೊರಟುಬಿಡುತ್ತೇವೆ. ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳುತ್ತೇವೆ.

ಆದುದರಿಂದ ಸಮಿತಿಯಲ್ಲಿರುವ ಕನ್ನಡ ಸದಸ್ಯರು ಒಂದು ಸಣ್ಣ ಕೆಲಸವನ್ನು ಮೈಮೇಲೆ ಹಾಕಿಕೊಳ್ಳಬಹುದು. ಗ್ರಂಥಾಲಯದ ಕೋಣೆಯ ನಕ್ಷೆಯನ್ನು ಕೈಯಲ್ಲೇ ಬರೆದು ಹತ್ತು ಇಪ್ಪತ್ತು ಪ್ರತಿ ತೆಗೆಯಿರಿ. ಬಾಗಿಲು, ಕಿಟಕಿ, ಪತ್ರಿಕೆಯ ಮೇಜು, ಕಪಾಟು, ಫ್ಯಾನು, ದೀಪ ಎಲ್ಲವೂ ಅದರಲ್ಲಿರಲಿ. ಒಂದು ವಾರ, ತೆರೆದಿರುವ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ, ಯಾರು ಎಲ್ಲಿದ್ದಾರೆಂದು ಚುಕ್ಕೆ ಇಡಿ. ಹೆಸರು ಬರೆಯಬೇಡಿ, ಗಂಡಸು, ಹೆಂಗಸು, ಮಗು ಎಂದಷ್ಟೇ ಸಾಕು. ಯಾರು ಯಾವ ಪುಸ್ತಕ ಓದುತ್ತಾರೆಂದು ಇಣುಕುವುದು ಬೇಡ, ಅದು ಸಭ್ಯತೆಯೂ ಅಲ್ಲ. ಕಪಾಟಿನ ಎದುರು ನಿಂತು ಏನನ್ನೂ ತೆಗೆದುಕೊಳ್ಳದೆ ಹೋದವರಿಗೆ ಮಾತ್ರ ಬೇರೆ ಗುರುತು ಹಾಕಿ. ವಾರದ ಕೊನೆಗೆ ಹಾಳೆಗಳನ್ನು ಸಾಲಾಗಿ ಹರಡಿದರೆ ಕನ್ನಡ ಕಪಾಟು ಇರುವುದು ಕತ್ತಲೆಯ ಮೂಲೆಯಲ್ಲೋ, ಪತ್ರಿಕೆ ಓದುವವರ ಬೆನ್ನ ಹಿಂದೆಯೋ, ಅಲ್ಲಿಗೆ ಹೋಗಲು ಯಾರನ್ನಾದರೂ ಎಬ್ಬಿಸಬೇಕಾಗುತ್ತದೆಯೋ ಎಂಬುದು ಎದ್ದು ಕಾಣುತ್ತದೆ.

ಎರಡನೆಯದು, ಇನ್ನೂ ಸುಲಭ. ಕನ್ನಡ ಮಾಧ್ಯಮದ ಏಳನೆಯ ತರಗತಿಯ ಒಂದು ಮಗುವಿಗೆ, ಗ್ರಂಥಾಲಯದಲ್ಲಿ ಖಂಡಿತ ಇರುವ ಒಂದು ಕನ್ನಡ ಪುಸ್ತಕದ ಹೆಸರು ಹೇಳಿ, ಹುಡುಕಿ ತಾ ಎಂದು ಕಳುಹಿಸಿ. ಸಹಾಯ ಮಾಡಬೇಡಿ. ಗಡಿಯಾರ ನೋಡಿ. ಮಗು ಮೊದಲು ಎಲ್ಲಿ ನಿಂತಿತು, ಯಾವ ಫಲಕವನ್ನು ಓದಲು ಪ್ರಯತ್ನಿಸಿತು, ಯಾರನ್ನು ಕೇಳಿತು ಅಥವಾ ಕೇಳಲು ಅಂಜಿತು ಎಂದು ಗಮನಿಸಿ. ಕಪಾಟಿನ ಮೇಲಿನ ಚೀಟಿ ಒಂದೇ ಭಾಷೆಯಲ್ಲಿದ್ದರೆ, ಎರಡು ಭಾಷೆಯಲ್ಲಿ ಬರೆಸಲು ಒಂದು ರಟ್ಟು, ಒಂದು ಸ್ಕೆಚ್ ಪೆನ್ನು ಸಾಕು. ಅದಕ್ಕೆ ಯಾವ ಸಹೃದಯ ಮಲಯಾಳಿ ಕಾರ್ಯದರ್ಶಿಯೂ ಬೇಡವೆನ್ನಲಾರರು.

ಮಹಿಳೆಯರಿಗೂ ವಯೋವೃದ್ಧರಿಗೂ ಮನೆಗೇ ಪುಸ್ತಕ ತಲಪಿಸುವ ಯೋಜನೆ ಕೇರಳದ ಗ್ರಂಥಾಲಯಗಳಲ್ಲಿದೆ. ನಿಮ್ಮ ಗ್ರಂಥಾಲಯದಲ್ಲಿ ಅದು ನಡೆಯುತ್ತಿದ್ದರೆ, ಚೀಲ ಹೊತ್ತು ಮನೆಮನೆಗೆ ಹೋಗುವ ಆಕೆಯಷ್ಟು ತಿಳಿದವರು ಊರಲ್ಲಿ ಬೇರೊಬ್ಬರಿಲ್ಲ. ಯಾವ ಅಜ್ಜಿ ಕನ್ನಡ ಪುಸ್ತಕ ಉಂಟಾ ಎಂದು ಕೇಳಿದ್ದರು, ಯಾವ ಮನೆಯಲ್ಲಿ ಅಕ್ಷರ ದೊಡ್ಡದಿರುವ ಪುಸ್ತಕ ಬೇಕೆಂದರು, ಎಲ್ಲವೂ ಆಕೆಯ ನೆನಪಿನಲ್ಲಿದೆ. ಆಕೆಗೆ ಒಂದು ನೋಟ್ ಪುಸ್ತಕ ಕೊಟ್ಟು, ಕೇಳಿದ್ದು ಕೊಡಲಾಗದೆ ಹೋದಾಗ ಬರೆದಿಡಿ ಅಕ್ಕಾ ಎಂದು ಹೇಳಿದರೆ ಪುಸ್ತಕ ಖರೀದಿಯ ಕಾಲಕ್ಕೆ ಸಮಿತಿಯ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಕನ್ನಡಕ್ಕೆ ಇಷ್ಟು ಹಣ ಮೀಸಲಿಡಿ ಎಂದು ಸಭೆಯಲ್ಲಿ ಭಾಷಾಭಿಮಾನದ ಭಾಷಣ ಮಾಡುವುದಕ್ಕಿಂತ, ಈ ವರ್ಷ ಇಷ್ಟು ಜನ ಇಂಥ ಪುಸ್ತಕ ಕೇಳಿ ಸಿಗದೆ ಹೋದರು ಎಂದು ಓದಿ ಹೇಳಿದರೆ ಖಜಾಂಚಿಯವರಿಗೂ ಉತ್ತರ ಹೇಳಲೇಬೇಕಾಗುತ್ತದೆ.

ಎಣಿಕೆಗೆ ವಾರವನ್ನು ಆರಿಸುವಾಗ ಒಂದು ಎಚ್ಚರಿಕೆ. ಪಣಿಕ್ಕರರ ಸ್ಮರಣೆಯ ಜೂನ್ 19ರ ವಾಚನ ದಿನ ಮತ್ತು ಅದರ ಬೆನ್ನಿಗೆ ಬರುವ ವಾಚನ ವಾರ ಬೇಡ. ಆಗ ಶಾಲೆಯ ಮಕ್ಕಳನ್ನು ಸಾಲುಗಟ್ಟಿ ಕರೆತಂದಿರುತ್ತಾರೆ, ಎಲ್ಲ ಕುರ್ಚಿಗಳೂ ತುಂಬಿರುತ್ತವೆ. ಪರೀಕ್ಷೆಯ ದಿನಗಳೂ ಬೇಡ. ಮಳೆ ಬಿಟ್ಟು, ಓಣಂ ರಜೆ ಕಳೆದು, ಶಾಲೆ ಯಥಾಪ್ರಕಾರ ನಡೆಯುವ ಯಾವುದಾದರೊಂದು ಸಾಮಾನ್ಯ ವಾರ, ಸೋಮವಾರ ಸಂಜೆ ಬಾಗಿಲು ತೆಗೆದಲ್ಲಿಂದ ಶುರುಮಾಡಬಹುದು.